ಕೊಡಗಿನಲ್ಲಿ ಲೆಕ್ಕಪತ್ರದ ತರಬೇತಿಗೆ ಬರುವವರಿಗೆ

ಮಡಿಕೇರಿಯ ಸಿ.ಎ. ಕಚೇರಿಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಒಂದು ಗೋಣಿಚೀಲ. ಅದರೊಳಗೆ ಒಂದು ಕಾಫಿ ತೋಟದ ಇಡೀ ವರ್ಷದ ವೋಚರ್‌ಗಳಿದ್ದವು: ಗೊಬ್ಬರದ ಬಿಲ್ಲು, ಡೀಸೆಲ್ ಚೀಟಿ, ಕೂಲಿಯ ಪಟ್ಟಿ, ಲಾರಿ ಬಾಡಿಗೆಯ ರಸೀದಿ. ಅದು ಜುಲೈ ತಿಂಗಳು. ಕಾಗದಗಳು ಒಂದಕ್ಕೊಂದು ಅಂಟಿಕೊಂಡು ಹಪ್ಪಳದಂತಾಗಿದ್ದವು. ಬಂಕಿನ ಚೀಟಿಗಳಲ್ಲಿ ಅಕ್ಷರವೇ ಉಳಿದಿರಲಿಲ್ಲ. ದಾವಣಗೆರೆಯ ಒಣಹವೆಯಲ್ಲಿ ಬಿ.ಕಾಂ ಮುಗಿಸಿ ಬಂದಿದ್ದ ನನಗೆ, ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ ಎಂಬುದು ಅಂದು ಗೊತ್ತಾಯಿತು.

ಆರ್ಟಿಕಲ್‌ಶಿಪ್ (ಸಿ.ಎ. ಆಗಲು ಲೆಕ್ಕಪರಿಶೋಧಕರ ಬಳಿ ಮಾಡಬೇಕಾದ ಪ್ರಾಯೋಗಿಕ ತರಬೇತಿ) ಮುಗಿಸಿ ಹೊರಡುವ ಹೊತ್ತಿಗೆ ನನಗೆ ಖಚಿತವಾಗಿದ್ದ ವಿಷಯ ಒಂದಿದೆ. ಕೊಡಗಿನ ಲೆಕ್ಕ ಅರ್ಥವಾಗಬೇಕಾದರೆ ಮಳೆ, ಕೊಯ್ಲು, ಸಂತೆ, ಹಬ್ಬ ಇವೆಲ್ಲ ಅರ್ಥವಾಗಬೇಕು. ಸಂಜೆ ಆರರ ನಂತರ ಊರಿನಲ್ಲಿ ನೋಡಿದ್ದು ಮರುದಿನ ಬೆಳಿಗ್ಗೆ ಲೆಡ್ಜರಿನಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕಚೇರಿ ಮತ್ತು ಕಚೇರಿಯ ಹೊರಗಿನ ಬದುಕು ಎರಡೂ ಬೆರೆತೇ ಬರುತ್ತವೆ.

ಮೊದಲು: ಎಲ್ಲಿಗೆ, ಯಾವಾಗ ಬರಬೇಕು

ನೀವು ಬಿ.ಕಾಂ ಪಠ್ಯಕ್ರಮದ ಭಾಗವಾಗಿ ಕೆಲವು ವಾರಗಳಿಗಷ್ಟೇ ಬರುತ್ತಿದ್ದೀರೋ, ಸಿ.ಎ. ಆರ್ಟಿಕಲ್‌ಶಿಪ್‌ಗೆ ಬರುತ್ತಿದ್ದೀರೋ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. 2023ರ ಜುಲೈ 1ರಿಂದ ಜಾರಿಯಾದ ಹೊಸ ವ್ಯವಸ್ಥೆಯಲ್ಲಿ ಆರ್ಟಿಕಲ್‌ಶಿಪ್ ಎರಡು ವರ್ಷ, ಮೊದಲಿನಂತೆ ಮೂರಲ್ಲ. ಸೇರುವ ಮುನ್ನವೇ ಮಾಹಿತಿ ತಂತ್ರಜ್ಞಾನ ಮತ್ತು ಓರಿಯೆಂಟೇಷನ್ ತರಬೇತಿ ಮುಗಿದಿರಬೇಕು. ಆ ತರಗತಿಗಳನ್ನು ನಿಮ್ಮ ಊರಿನ ಹತ್ತಿರದ ಕೇಂದ್ರದಲ್ಲೇ ಮುಗಿಸಿಕೊಂಡು ಬನ್ನಿ. ಕನಿಷ್ಠ ಸ್ಟೈಪೆಂಡ್ ಊರಿನ ಜನಸಂಖ್ಯೆಯ ಆಧಾರದ ಮೇಲೆ ನಿಗದಿಯಾಗುವುದರಿಂದ, ಇಲ್ಲಿ ಅದು ಬೆಂಗಳೂರಿನ ಮಟ್ಟದಲ್ಲಿ ಇರುವುದಿಲ್ಲ. ಸೇರುವ ಮೊದಲು ಮನೆಯವರೊಡನೆ ಕುಳಿತು ತಿಂಗಳ ಖರ್ಚಿನ ಲೆಕ್ಕ ಹಾಕಿ.

ಊರಿನ ಆಯ್ಕೆಯೂ ಮುಖ್ಯ. ಮಡಿಕೇರಿಯಲ್ಲಿ ಜಿಲ್ಲಾ ಕಚೇರಿಗಳು, ಸಹಕಾರ ಸಂಘಗಳು, ಹೋಟೆಲ್ ಮತ್ತು ಹೋಂಸ್ಟೇಗಳ ಕೆಲಸ ಹೆಚ್ಚು. ಕುಶಾಲನಗರ ವ್ಯಾಪಾರದ ಊರು. ಪಕ್ಕದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಸಂಸ್ಕರಣಾ ಘಟಕಗಳಿವೆ, ದಾಸ್ತಾನಿನ ಲೆಕ್ಕ ಕಲಿಯಲು ಒಳ್ಳೆಯ ಜಾಗ. ಗೋಣಿಕೊಪ್ಪ, ವಿರಾಜಪೇಟೆ ಕಡೆ ರೊಬಸ್ಟಾ ತಳಿಯ ಕಾಫಿ ಮತ್ತು ಕರಿಮೆಣಸಿನ ಬೆಳೆಗಾರರು. ಸೋಮವಾರಪೇಟೆ ಕಡೆ ಅರೇಬಿಕಾ. ತೋಟದ ಲೆಕ್ಕವನ್ನು ಬುಡದಿಂದ ಕಲಿಯಬೇಕೆಂದಿದ್ದರೆ ಗೋಣಿಕೊಪ್ಪ ಸುತ್ತ ಹುಡುಕಿ ಎಂದೇ ನಾನು ಹೇಳುತ್ತೇನೆ.

ಕೆಲವೇ ವಾರಗಳ ತರಬೇತಿಯಾದರೆ ನವೆಂಬರ್‌ನಿಂದ ಮಾರ್ಚ್ ನಡುವೆ ಬನ್ನಿ. ಅರೇಬಿಕಾ ಕೊಯ್ಲು ನವೆಂಬರ್ ಸುಮಾರಿಗೆ ಶುರುವಾಗಿ ಜನವರಿಗೆ ಮುಗಿಯುತ್ತದೆ, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ ಸಾಗುತ್ತದೆ. ಹಣ ಓಡಾಡುವುದು, ಕೂಲಿ ಬಟವಾಡೆಯಾಗುವುದು, ವ್ಯಾಪಾರಿಯ ತಕ್ಕಡಿ ಏಳುವುದು ಎಲ್ಲವನ್ನೂ ಕಣ್ಣಾರೆ ನೋಡಬಹುದು. ಜುಲೈನಿಂದ ಅಕ್ಟೋಬರ್‌ವರೆಗೆ ಬಂದರೆ ರಿಟರ್ನ್ ಮತ್ತು ಆಡಿಟ್ ಕೆಲಸ ಧಾರಾಳವಾಗಿ ಸಿಗುತ್ತದೆ, ತೋಟ ಮಾತ್ರ ಮಳೆಯ ಹಿಂದೆ ಮರೆಯಾಗಿರುತ್ತದೆ.

ಸಂದರ್ಶನದಲ್ಲಿ ಮೂರು ಪ್ರಶ್ನೆ ಕೇಳಲು ಹಿಂಜರಿಯಬೇಡಿ: ತೋಟಗಳಿಗೆ ಕರೆದುಕೊಂಡು ಹೋಗುತ್ತಾರೆಯೇ? ಪ್ರಯಾಣದ ಖರ್ಚು ಯಾರದು? ಪರೀಕ್ಷೆಯ ರಜೆ ಹೇಗೆ?

ಎರಡನೆಯದು: ರೂಮು

ಕೊಡಗಿಗೆ ರೈಲು ಇಲ್ಲ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್, ಬಸ್ಸಿನಲ್ಲೇ ಬರಬೇಕು. ಆದ್ದರಿಂದ ಮೊದಲ ಸಲ ಸಾಮಾನು ಕಡಿಮೆ ತನ್ನಿ. ವಾರದ ನಡುವಿನ ದಿನ ಬಂದು ರೂಮು ಹುಡುಕಿ. ಶನಿವಾರ, ಭಾನುವಾರ ಮಡಿಕೇರಿ ಪ್ರವಾಸಿಗರದು, ಬಾಡಿಗೆಯ ಮಾತೂ ಆ ದಿನಗಳಲ್ಲಿ ಬೇರೆಯೇ ಇರುತ್ತದೆ.

ರೂಮು ನೋಡುವಾಗ ಗೋಡೆಯ ಬುಡ ಮತ್ತು ಕಪಾಟಿನ ಹಿಂಭಾಗ ನೋಡಿ. ಹೊಸ ಸುಣ್ಣದ ಕೆಳಗೆ ಕಪ್ಪು ಕಲೆ ಇಣುಕುತ್ತಿದ್ದರೆ ಜೂನ್ ತಿಂಗಳಲ್ಲಿ ಆ ಗೋಡೆ ಬೆವರುತ್ತದೆ. ಕಳೆದ ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತಿದ್ದರು ಎಂದು ಪಕ್ಕದ ಮನೆಯವರನ್ನು ಕೇಳಿ. ಆ ಒಂದು ಉತ್ತರದಲ್ಲಿ ಮನೆಯ ಪೂರ್ತಿ ಚರಿತ್ರೆ ಇರುತ್ತದೆ. ಗುಡ್ಡ ಕಡಿದು ಕಟ್ಟಿದ ಮನೆಯ ಹಿಂದೆ ತಡೆಗೋಡೆ ಇಲ್ಲದಿದ್ದರೆ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಬೇಡ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವು. ಮನೆ, ತೋಟ ಕಳೆದುಕೊಂಡವರನ್ನು ನೀವು ಇಲ್ಲಿ ಖಂಡಿತ ಭೇಟಿಯಾಗುತ್ತೀರಿ. ಕುಶಾಲನಗರದಲ್ಲಿ ಮಳೆ ಕಡಿಮೆ, ನೆಲ ಸಮತಟ್ಟು, ಆದರೆ ಕಾವೇರಿ ದಡದ ಬಡಾವಣೆಗಳಿಗೆ 2018 ಮತ್ತು 2019ರಲ್ಲಿ ನೀರು ನುಗ್ಗಿತ್ತು. ಅಲ್ಲಿಯೂ ಕೇಳಿಯೇ ಮುಂಗಡ ಕೊಡಿ.

ಗಟ್ಟಿ ಕೊಡೆ, ಮೊಣಕಾಲಿನವರೆಗಿನ ಬೂಟು, ಬೇಗ ಒಣಗುವ ಬಟ್ಟೆ, ಲ್ಯಾಪ್‌ಟಾಪ್‌ಗೆ ನೀರು ತಾಗದ ಚೀಲ ಇವು ಬೇಕೇ ಬೇಕು. ಇಲ್ಲಿನ ಮಳೆಗೆ ಬೇಕಾದ ಕೊಡೆ ಇಲ್ಲಿನ ಅಂಗಡಿಯಲ್ಲೇ ಸಿಗುತ್ತದೆ, ಹೊರಗಿನಿಂದ ತರಬೇಡಿ.

ಮೂರನೆಯದು: ಕಚೇರಿಯ ಮೊದಲ ವಾರ

ದಿನಾಂಕಗಳನ್ನು ಬಾಯಿಪಾಠ ಮಾಡಿ. ಮೂಲದಲ್ಲಿ ಕಡಿತವಾದ ತೆರಿಗೆ ಕಟ್ಟಲು ತಿಂಗಳ 7, ಜಿಎಸ್‌ಟಿಯ ಮಾರಾಟದ ರಿಟರ್ನ್‌ಗೆ (ಜಿಎಸ್‌ಟಿಆರ್-1) 11, ಭವಿಷ್ಯನಿಧಿ ಮತ್ತು ಇಎಸ್‌ಐಗೆ (ನೌಕರರ ವಿಮೆ) 15, ತಿಂಗಳು ತಿಂಗಳು ಸಲ್ಲಿಸುವವರ ಜಿಎಸ್‌ಟಿ 3ಬಿ ರಿಟರ್ನ್‌ಗೆ 20. ಬಯಲುಸೀಮೆಯಲ್ಲಿ 20ನೇ ತಾರೀಖಿನ ಕೆಲಸವನ್ನು 20ಕ್ಕೇ ಮುಗಿಸಬಹುದೇನೋ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರವೊಂದು ತಂತಿಯ ಮೇಲೆ ಬಿದ್ದರೆ ವಿದ್ಯುತ್ತು, ಅದರ ಹಿಂದೆಯೇ ಇಂಟರ್ನೆಟ್ಟು ಹೋಗುತ್ತದೆ. ಪ್ರತಿ ಗಡುವಿಗೂ ಮೂರು ದಿನ ಮೊದಲೇ ನಿಮ್ಮದೇ ಗಡುವು ಹಾಕಿಕೊಳ್ಳಿ.

ಇದರ ಜೊತೆಗೆ ಮೂರು ರೂಢಿ ಮಾಡಿಕೊಳ್ಳಿ. ಲೆಕ್ಕದ ತಂತ್ರಾಂಶ ಟ್ಯಾಲಿಯ ಬ್ಯಾಕಪ್ ದಿನಕ್ಕೆ ಎರಡು ಸಲ, ಮಧ್ಯಾಹ್ನ ಊಟಕ್ಕೆ ಏಳುವ ಮುನ್ನ ಮತ್ತು ಸಂಜೆ ನಾಲ್ಕಕ್ಕೆ. ಯಂತ್ರದಿಂದ ಬರುವ ತೆಳು ಚೀಟಿ ಕೈಗೆ ಬಂದ ಕೂಡಲೇ ಮೊಬೈಲ್‌ನಲ್ಲಿ ಫೋಟೊ. ಮೂರು ತಿಂಗಳಲ್ಲಿ ಅದು ಬಿಳಿ ಕಾಗದವಾಗುತ್ತದೆ. ಮತ್ತು ವೋಚರ್ ಇಡುವ ಬೀರುವಿನೊಳಗೆ ಒಂದು ಸಣ್ಣ ಬಲ್ಬು, ಹಗಲೂ ರಾತ್ರಿ ಉರಿಯುವಂತೆ. ಈ ಮೂರನೆಯದನ್ನು ನನಗೆ ಕಲಿಸಿದವರು ನಮ್ಮ ಕಚೇರಿಯ ಹಿರಿಯ ಗುಮಾಸ್ತರು. ಅವರು ಅಂದು ಬಿಡಿಸಿ, ಗ್ಯಾಸ್ ಒಲೆಯ ಕಾವಿಗೆ ತುಸು ದೂರದಿಂದ ಹಿಡಿದು ಒಣಗಿಸಿಕೊಟ್ಟ ಗೋಣಿಚೀಲದ ವೋಚರ್‌ಗಳಿಂದಲೇ ನನ್ನ ಕೆಲಸ ಶುರುವಾದದ್ದು.

ನಾಲ್ಕನೆಯದು: ತೋಟದ ಲೆಕ್ಕ

ಇದಕ್ಕೆ ಸಮಯ ಕೊಡಿ. ಬೇರೆ ಊರಿನಲ್ಲಿ ಕಲಿಯಲು ಸಿಗದ ವಿದ್ಯೆ ಇದೇ.

ತೋಟದ ಲೆಕ್ಕ ಬರೆಯುವವರನ್ನು ಇಲ್ಲಿ ‘ರೈಟರ್’ ಎನ್ನುತ್ತಾರೆ. ಅವರ ಬಳಿ ಹಾಜರಿಯ ಚೆಕ್‌ರೋಲ್, ಗೋದಾಮಿನ ಪುಸ್ತಕ, ಕೂಲಿ ಮುಂಗಡದ ಪುಸ್ತಕ ಮತ್ತು ಮಳೆಯ ಪುಸ್ತಕ ಇರುತ್ತವೆ. ಹೌದು, ಮಳೆಗೂ ಒಂದು ಪುಸ್ತಕ. ಇಂಚು ಮತ್ತು ಸೆಂಟುಗಳಲ್ಲಿ ಪ್ರತಿದಿನದ ಮಳೆ ಬರೆದಿಡುತ್ತಾರೆ, ನೂರು ಸೆಂಟಿಗೆ ಒಂದು ಇಂಚು. ಮೊದಲ ಸಲ ತೋಟಕ್ಕೆ ಹೋದಾಗ ಆ ಪುಸ್ತಕವನ್ನು ಕೇಳಿ ಪಡೆದು ಓದಿ. ಫೆಬ್ರವರಿ, ಮಾರ್ಚ್‌ನಲ್ಲಿ ಡೀಸೆಲ್ ಖರ್ಚು ಏಕೆ ಏರಿದೆ? ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಾರದೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಿದ್ದಾರೆ. ಮೇ ತಿಂಗಳಲ್ಲಿ ಮೈಲುತುತ್ತ ಮತ್ತು ಸುಣ್ಣದ ಬಿಲ್ಲು ಏಕೆ? ಮಳೆಗೆ ಮೊದಲು ಬೋರ್ಡೋ ದ್ರಾವಣ ಸಿಂಪಡಿಸಲೇಬೇಕು, ಇಲ್ಲವಾದರೆ ಕೊಳೆರೋಗ. ಆರು ಇಂಚು ಮಳೆ ಸುರಿದ ದಿನ ಸಿಂಪಡಣೆಯ ಆಳುಗಳಿಗೆ ಪೂರ್ತಿ ಹಾಜರಿ ಬಿದ್ದಿದ್ದರೆ, ಅದು ಕೇಳಬೇಕಾದ ಪ್ರಶ್ನೆ. ಆಡಿಟ್‌ನ ಪಠ್ಯಪುಸ್ತಕದಲ್ಲಿ ಓದಿದ ಸಾಕ್ಷ್ಯ ಎಂಬ ಪದ ನನಗೆ ನಿಜವಾಗಿ ಅರ್ಥವಾದದ್ದು ಚೆಕ್‌ರೋಲ್ ಮತ್ತು ಮಳೆಯ ಪುಸ್ತಕವನ್ನು ಅಕ್ಕಪಕ್ಕ ಇಟ್ಟುಕೊಂಡ ದಿನ. ಕೇಳುವಾಗ ದನಿ ಮೆದುವಾಗಿರಲಿ. ಆ ಮಳೆಯಲ್ಲೂ ಗೋದಾಮಿನೊಳಗೆ ಕೆಲಸ ನಡೆದಿರಬಹುದು, ರೈಟರ್ ಪ್ರಾಮಾಣಿಕರೇ ಆಗಿರಬಹುದು.

ನನ್ನಿಂದಾದ ಒಂದು ದೊಡ್ಡ ತಪ್ಪು ಮುಂಗಡದ್ದು. ಕೊಯ್ಲಿಗೆ ಆಳುಗಳನ್ನು ಕರೆತರುವಾಗ ಮೊದಲೇ ಹಣ ಕೊಟ್ಟು, ನಂತರ ವಾರದ ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪ ಹಿಡಿಯುತ್ತಾರೆ. ನಾನು ಕೊಟ್ಟ ಹಣವನ್ನೆಲ್ಲ ಕೂಲಿಯ ಖರ್ಚಿಗೆ ಬರೆದೆ. ಬಟವಾಡೆಯ ದಿನ ಪೂರ್ತಿ ಕೂಲಿಯನ್ನೂ ಮತ್ತೆ ಬರೆದೆ. ಖರ್ಚು ಎರಡು ಸಲ ಬಿತ್ತು. ಡಿಸೆಂಬರ್ ತಿಂಗಳ ಕೂಲಿ ಹಿಂದಿನ ವರ್ಷಕ್ಕಿಂತ ವಿಪರೀತ ಏರಿದ್ದನ್ನು ಕಂಡು ತೋಟದ ರೈಟರ್ ಫೋನಿನಲ್ಲೇ ಕಾರಣ ಹೇಳಿದರು. ಮುಂಗಡ ಎಂಬುದು ಆಸ್ತಿಯ ಕಡೆ ನಿಲ್ಲುವ ಬಾಕಿ, ಹಿಡಿದುಕೊಂಡಷ್ಟು ಕರಗುತ್ತದೆ. ಪ್ರತಿ ಆಳಿನ ಹೆಸರಿನಲ್ಲೂ ಬಾಕಿಯ ಪಟ್ಟಿ ತೆಗೆದು, ರೈಟರ್ ಪುಸ್ತಕದೊಡನೆ ತಿಂಗಳಿಗೊಮ್ಮೆ ತಾಳೆ ನೋಡಿ. ಇನ್ನೊಂದು ಮಾತು: ಕೊಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕದಲ್ಲಿ, ಉಳಿದ ಕಾಲದಲ್ಲಿ ದಿನಗೂಲಿ. ಎರಡಕ್ಕೂ ಬೇರೆ ಬೇರೆ ಲೆಡ್ಜರ್ ಇದ್ದರೆ ಮಾತ್ರ ಒಂದು ಚೀಲಕ್ಕೆ ಬಿದ್ದ ಕೊಯ್ಲಿನ ಖರ್ಚು ತಿಳಿಯುತ್ತದೆ.

ಇನ್ನು ಮಾರಾಟ. ಕಾಫಿಯ ಚೀಲ 50 ಕಿಲೋ. ಹಣ್ಣನ್ನು ಹಾಗೆಯೇ ಒಣಗಿಸಿದ್ದು ಚೆರ್ರಿ, ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ರೊಬಸ್ಟಾ ಚೆರ್ರಿಯ ವ್ಯಾಪಾರದಲ್ಲಿ ‘ಓಟಿ’ ಎಂಬ ಮಾತು ದಿನಕ್ಕೆ ಹತ್ತು ಸಲ ಕೇಳುತ್ತೀರಿ. ವ್ಯಾಪಾರಿ ಚೀಲದಿಂದ ಮಾದರಿ ತೆಗೆದು, ಸಿಪ್ಪೆ ಬಿಡಿಸಿ, ಒಳಗಿನ ಬೇಳೆ (ಕಾಫಿ ಬೀಜ) ತೂಗಿ, 50 ಕಿಲೋ ಚೆರ್ರಿಗೆ ಎಷ್ಟು ಕಿಲೋ ಬೇಳೆ ಬರುತ್ತದೆ ಎಂದು ಲೆಕ್ಕ ಹಾಕುತ್ತಾನೆ. ಅದೇ ಓಟಿ, ಅಂದರೆ ಔಟ್‌ಟರ್ನ್. ಉದಾಹರಣೆಗೆ ಓಟಿ 26 ಬಂದು, ಒಂದು ಓಟಿಗೆ 400 ರೂಪಾಯಿ ದರವಿದ್ದರೆ ಚೀಲಕ್ಕೆ 10,400 ರೂಪಾಯಿ. ಓಟಿ 25ಕ್ಕೆ ಇಳಿದರೆ ಅದೇ ಚೀಲಕ್ಕೆ 10,000. ತೇವಾಂಶ ಹೆಚ್ಚಿದ್ದರೆ ಅದಕ್ಕೂ ಕಡಿತ. ಆದ್ದರಿಂದ ಮಾರಾಟದ ಬಿಲ್ಲಿನಲ್ಲಿ ಚೀಲ ಮತ್ತು ಮೊತ್ತ ಮಾತ್ರ ನೋಡಿ ಬರೆದುಕೊಂಡರೆ ಸಾಲದು; ಓಟಿ ಮತ್ತು ತೇವಾಂಶವನ್ನೂ ವಿವರಣೆಯಲ್ಲಿ ಬರೆಯಿರಿ. ಒಂದೇ ವಾರ ಇಬ್ಬರಿಗೆ ಬೇರೆ ಬೇರೆ ದರಕ್ಕೆ ಮಾರಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿರುತ್ತದೆ.

ಮಾರ್ಚ್ 31ರ ದಾಸ್ತಾನು ಇಲ್ಲಿ ನಿಜಕ್ಕೂ ಕಷ್ಟದ ವಿಷಯ. ರೊಬಸ್ಟಾ ಆಗಷ್ಟೇ ಕಣದಿಂದ ಗೋದಾಮಿಗೆ ಬಂದಿರುತ್ತದೆ. ಧಾರಣೆ ಏರಲಿ ಎಂದು ಬೆಳೆಗಾರರು ತಿಂಗಳುಗಟ್ಟಲೆ ಕಾಯುತ್ತಾರೆ. ಕಾಫಿ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗೆ, ನಮ್ಮ ಆರ್ಥಿಕ ವರ್ಷ ಏಪ್ರಿಲ್‌ನಿಂದ. ಒಂದೇ ಬೆಳೆ ಎರಡು ಆರ್ಥಿಕ ವರ್ಷಗಳಿಗೆ ಹಂಚಿಹೋಗುತ್ತದೆ. ಸಾಧ್ಯವಾದರೆ ಆ ವಾರ ಗೋದಾಮಿಗೆ ಹೋಗಿ ಚೀಲ ಎಣಿಸಿ.

ಆದಾಯ ತೆರಿಗೆಯಲ್ಲಿ ನೆನಪಿಡಬೇಕಾದ ಎರಡು ಸಂಖ್ಯೆಗಳು 25 ಮತ್ತು 40. ಬೆಳೆಗಾರ ತಾನು ಬೆಳೆದ ಕಾಫಿಯನ್ನು ಕ್ಯೂರಿಂಗ್ (ಒಣಗಿದ ಕಾಫಿಯ ಹೊಟ್ಟು ಬಿಡಿಸಿ ಬೀಜ ವಿಂಗಡಿಸುವುದು) ಮಾಡದೆ ಮಾರಿದರೆ ಅದು ಕೃಷಿ ಆದಾಯ. ಬೆಳೆದು ಕ್ಯೂರಿಂಗ್ ಮಾಡಿ ಮಾರಿದರೆ ಆ ಆದಾಯದ ಶೇ 25 ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ ಶೇ 40. 1962ರ ನಿಯಮಗಳಲ್ಲಿ ಇದು 7ಬಿ. ಹಿರಿಯರು ಈಗಲೂ ಅದೇ ಹೆಸರಿನಿಂದ ಕರೆಯುತ್ತಾರೆ. 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಬಂದು ಕಲಂಗಳ ಸಂಖ್ಯೆಗಳೆಲ್ಲ ಬದಲಾಗಿರುವುದರಿಂದ, ಹಳೆಯ ಸಂಖ್ಯೆಯ ಪಕ್ಕದಲ್ಲಿ ಹೊಸದನ್ನು ಬರೆದ ಒಂದು ಪಟ್ಟಿ ನೀವೇ ಮಾಡಿಕೊಳ್ಳಿ. ತೋಟದ ಮನೆಗಳಲ್ಲಿ ಪ್ಯಾಕೆಟ್ ಮಾಡಿ ಕಾಫಿಪುಡಿ ಮಾರುವವರು ಹೆಚ್ಚುತ್ತಿರುವುದರಿಂದ ಶೇ 40ರ ಲೆಕ್ಕವೂ ನಿಮ್ಮ ಕೈಗೆ ಬರುತ್ತದೆ. ಹುರಿಯದ ಕಾಫಿ ಬೀಜಕ್ಕೆ ಜಿಎಸ್‌ಟಿ ಇಲ್ಲ, ಹುರಿದದ್ದಕ್ಕೆ ಶೇ 5. ಕರಿಮೆಣಸಿನ ಬಗ್ಗೆ ಬಹಳ ಕಾಲ ಗೊಂದಲವಿತ್ತು. ಬೆಳೆಗಾರನೇ ಮಾರಿದರೆ, ಹಸಿಯಾಗಿರಲಿ ಒಣಗಿದ್ದಾಗಿರಲಿ, ಜಿಎಸ್‌ಟಿ ಇಲ್ಲ ಎಂದು 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿತು.

ಹಳೆಯ ಬೆಳೆಗಾರರು ಮಾತಿಗೆ ಸಿಕ್ಕರೆ ಕಾಫಿ ಮಂಡಳಿಯ ‘ಪೂಲ್’ ಕಾಲದ ಬಗ್ಗೆ ಕೇಳಿ. 1990ರ ದಶಕದವರೆಗೆ ಕಾಫಿಯನ್ನು ಮಂಡಳಿಗೇ ಒಪ್ಪಿಸಬೇಕಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು. ಮಾರಾಟವಾದ ದಿನ ಯಾವುದು, ಆದಾಯ ಯಾವ ವರ್ಷದ್ದು ಎಂಬ ಪ್ರಶ್ನೆಯನ್ನು ಅವರು ಬದುಕಿ ನೋಡಿದ್ದಾರೆ.

ಐದನೆಯದು: ಹೆಸರು ಮತ್ತು ಪಹಣಿ

ಕೊಡವರ ಹೆಸರಿನಲ್ಲಿ ಮನೆಹೆಸರು ಮೊದಲು ಬರುತ್ತದೆ. ಪ್ಯಾನ್ ಕಾರ್ಡಿನಲ್ಲಿ ಅದು ಒಂದಕ್ಷರದ ಇನಿಷಿಯಲ್ ಆಗಿ, ಆಧಾರ್‌ನಲ್ಲಿ ಪೂರ್ತಿಯಾಗಿ, ಬ್ಯಾಂಕಿನಲ್ಲಿ ಕೊನೆಯಲ್ಲಿ ಇರಬಹುದು. ರಿಟರ್ನ್ ಸಲ್ಲಿಸುವ ದಿನ ಇದನ್ನು ಸರಿಪಡಿಸಲು ಆಗುವುದಿಲ್ಲ. ಹೊಸ ಕಡತ ಕೈಗೆ ಬಂದ ದಿನವೇ ಮೂರು ದಾಖಲೆಗಳ ಹೆಸರನ್ನು ಒಂದೇ ಹಾಳೆಯಲ್ಲಿ ಬರೆದು ಹೋಲಿಸಿ.

ಜಮೀನಿನ ವಿಷಯ ಇನ್ನೂ ಸೂಕ್ಷ್ಮ. ಕೊಡಗಿನ ವಂಶಪಾರಂಪರ್ಯದ ಜಮ್ಮಾ ಹಿಡುವಳಿಯಲ್ಲಿ ಪಹಣಿ ಕುಟುಂಬದ ಹಿರಿಯ ಪಟ್ಟೇದಾರರ ಹೆಸರಿನಲ್ಲಿದ್ದು, ಸಾಗುವಳಿ ಮಾಡುವವರು ಬೇರೆಯವರಿರುವುದುಂಟು. ಕೃಷಿ ಆದಾಯ ತೋರಿಸುವಾಗ, ಸಾಲಕ್ಕೆ ದಾಖಲೆ ಕೊಡುವಾಗ ಇದು ಎದುರಾಗುತ್ತದೆ. ನೀವಾಗಿ ಏನನ್ನೂ ಊಹಿಸಬೇಡಿ. ನಿಮ್ಮ ಹಿರಿಯರನ್ನು ಕೇಳಿ, ಕುಟುಂಬದೊಳಗಿನ ಪಾಲಿನ ಮಾತು ನಿಮ್ಮ ಬಾಯಿಂದ ಎಲ್ಲಿಯೂ ಹೊರಬೀಳದಿರಲಿ. ಇದು ಸಣ್ಣ ಜಿಲ್ಲೆ. ಸಂತೆಯಲ್ಲಿ ಪಕ್ಕದಲ್ಲಿ ನಿಂತವರು ನಿಮ್ಮ ಕಕ್ಷಿದಾರರ ನೆಂಟರೇ ಆಗಿರುತ್ತಾರೆ.

ಆರನೆಯದು: ಕಚೇರಿ ಮುಗಿದ ಮೇಲೆ

ಮೊದಲ ಎರಡು ತಿಂಗಳು ಒಂಟಿತನ ಕಾಡುತ್ತದೆ. ಜುಲೈ ತಿಂಗಳಲ್ಲಿ ಐದಕ್ಕೇ ಕತ್ತಲು ಕವಿದಂತೆ ಇರುತ್ತದೆ, ಅಂಗಡಿಗಳು ಬೇಗ ಮುಚ್ಚುತ್ತವೆ, ತಗಡಿನ ಮೇಲೆ ಮಳೆ ಬಿಡದೆ ಬಡಿಯುತ್ತದೆ. ನಾನು ಅನೇಕ ಸಂಜೆ ಊರಿಗೆ ಫೋನು ಮಾಡಿ ಸುಮ್ಮನೆ ಹಿಡಿದುಕೊಂಡು ಕುಳಿತಿದ್ದೇನೆ. ಇದರಿಂದ ಹೊರಬರಲು ವಾರದಲ್ಲಿ ಎರಡು ಸಂಜೆಯನ್ನು ಯಾವುದಾದರೂ ಒಂದು ಜಾಗಕ್ಕೆ ಮೀಸಲಿಡಿ, ಮಳೆ ಬಂದರೂ ತಪ್ಪಿಸಬೇಡಿ. ನನಗೆ ಅದು ಗ್ರಂಥಾಲಯ ಮತ್ತು ಶುಕ್ರವಾರದ ಸಂತೆ.

ಮಡಿಕೇರಿಯ ಸಂತೆ ಶುಕ್ರವಾರ, ಕುಶಾಲನಗರದ್ದು ಮಂಗಳವಾರ. ವಾರದ ತರಕಾರಿ ಅಲ್ಲೇ ಕೊಳ್ಳಿ, ಖರ್ಚು ಇಳಿಯುತ್ತದೆ. ಮಳೆಗಾಲದ ಕಣಿಲೆ (ಎಳೆ ಬಿದಿರು), ಅಣಬೆ, ಕೊಯ್ಲಿನ ಕಾಲದ ಕಿತ್ತಳೆ ಯಾವಾಗ ಬರುತ್ತವೆ ಎಂದು ನೋಡಿಕೊಳ್ಳಿ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಬ್ಯಾರಿ ಎಲ್ಲವೂ ಒಂದೇ ಸಾಲಿನ ಅಂಗಡಿಗಳಲ್ಲಿ ಕೇಳಿಸುತ್ತವೆ, ನಿಮ್ಮೊಡನೆ ಎಲ್ಲರೂ ಕನ್ನಡದಲ್ಲೇ ಮಾತನಾಡುತ್ತಾರೆ. ಬೆಳಿಗ್ಗೆ ‘ಶಕ್ತಿ’ ಓದಿ. 1957ರಿಂದ ಮಡಿಕೇರಿಯಿಂದ ಹೊರಡುತ್ತಿರುವ ಈ ದಿನಪತ್ರಿಕೆಯಲ್ಲಿ ಯಾವ ರಸ್ತೆ ಮುಚ್ಚಿದೆ, ಯಾರ ಮನೆಯಲ್ಲಿ ಸಾವಾಗಿದೆ ಎಂಬುದೆಲ್ಲ ಇರುತ್ತದೆ. ಕಕ್ಷಿದಾರರಿಗೆ ಫೋನು ಮಾಡುವ ಮೊದಲು ಇದು ಗೊತ್ತಿರಬೇಕು.

ಹಬ್ಬಗಳಿಗೆ ಕರೆದರೆ ಹೋಗಿ. ಮಡಿಕೇರಿ ದಸರಾದ ದಶಮಂಟಪಗಳು (ಹತ್ತು ದೇವಾಲಯಗಳ ಮಂಟಪಗಳು) ವಿಜಯದಶಮಿಯ ರಾತ್ರಿಯಿಡೀ ಹೊರಡುತ್ತವೆ. ಆಡಿಟ್ ಗಡುವುಗಳೂ ಅದೇ ಹೊತ್ತಿಗೆ ಬರುತ್ತವೆ, ಆದ್ದರಿಂದ ಆ ವಾರದ ಕೆಲಸವನ್ನು ಹಿಂದಿನ ವಾರಕ್ಕೆ ಎಳೆದುಕೊಳ್ಳಿ. ಅಕ್ಟೋಬರ್ ಮಧ್ಯದಲ್ಲಿ ತಲಕಾವೇರಿಯ ತುಲಾ ಸಂಕ್ರಮಣ. ನವೆಂಬರ್, ಡಿಸೆಂಬರ್‌ನಲ್ಲಿ ಭತ್ತದ ಸುಗ್ಗಿಯ ಹಬ್ಬ ಹುತ್ತರಿ. ಹುಣ್ಣಿಮೆಯ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ಯುತ್ತಾ ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾರೆ. ಪೊಲಿ ಎಂದರೆ ವೃದ್ಧಿ. ಇಡೀ ದಿನ ಆದಾಯ, ಖರ್ಚು ಎಂದು ಬರೆಯುತ್ತಿದ್ದ ನನಗೆ, ಆ ಚಳಿಯಲ್ಲಿ ಆ ಕೂಗು ಕೇಳಿ ಮೈ ಜುಮ್ಮೆಂದಿತ್ತು. ಏಪ್ರಿಲ್ ಸುಮಾರಿಗೆ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ್ದು. ಹೊಸ ಆರ್ಥಿಕ ವರ್ಷದ ಕಾಗದ ಕೇಳಲು ಫೋನು ಮಾಡಿದರೆ ಕಕ್ಷಿದಾರರು ಮೈದಾನದಲ್ಲಿರುತ್ತಾರೆ. ನೀವೂ ಅಲ್ಲಿಗೇ ಹೋಗಿ.

ಮನೆಗೆ ಕರೆದು ಊಟಕ್ಕೆ ಕೂರಿಸಿದರೆ, ನೀವು ಮಾಂಸ ತಿನ್ನದವರಾಗಿದ್ದರೆ ಮೊದಲೇ ಹೇಳಿ. ಯಾರೂ ಬೇಸರಿಸುವುದಿಲ್ಲ, ಕಡಂಬುಟ್ಟಿನ (ಅಕ್ಕಿ ತರಿಯ ಉಂಡೆ) ಜೊತೆ ಬೇರೆ ಪಲ್ಯ ಬರುತ್ತದೆ. ಬಡಿಸಿಕೊಂಡು ಬಿಟ್ಟರೆ ಮಾತ್ರ ನೋವಾಗುತ್ತದೆ. ತೋಟಕ್ಕೆ ನಡೆದು ಹೋಗುವ ದಿನ ಉದ್ದನೆಯ ಕಾಲುಚೀಲ ಹಾಕಿ, ಚಿಟಿಕೆ ಉಪ್ಪು ಇಟ್ಟುಕೊಳ್ಳಿ, ಜಿಗಣೆಗೆ ಅಷ್ಟು ಸಾಕು. ಹೊರಡುವ ಮುನ್ನವೇ ಹಿಂದಿರುಗುವ ಕೊನೆಯ ಬಸ್ಸಿನ ಸಮಯ ಕೇಳಿಕೊಳ್ಳಿ. ಕೆಲವು ಊರುಗಳಿಗೆ ಸಂಜೆಯ ಮೇಲೆ ಬಸ್ಸಿಲ್ಲ.

ಓದಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬೆಳಿಗ್ಗೆ ಐದರಿಂದ ಏಳು, ಎರಡು ಗಂಟೆ. ಸಂಜೆ ವಿದ್ಯುತ್ತನ್ನು ನಂಬಬೇಡಿ. ಆರ್ಟಿಕಲ್‌ಶಿಪ್ ಮುಗಿದ ಮೇಲೆ ಅಂತಿಮ ಪರೀಕ್ಷೆಗೆ ಆರು ತಿಂಗಳ ಅಂತರ ಇರುವುದರಿಂದ, ಇಲ್ಲಿರುವಾಗ ಕೆಲಸವನ್ನು ಪೂರ್ಣ ಮನಸ್ಸಿನಿಂದ ಮಾಡಬಹುದು.

ಹೊರಡುವ ತಿಂಗಳು

ದಿನಚರಿಯನ್ನು ಮೊದಲ ದಿನದಿಂದಲೇ ಬರೆದಿದ್ದರೆ ಕಾಲೇಜಿನ ವರದಿ ಎರಡು ದಿನದ ಕೆಲಸ. ಆರ್ಟಿಕಲ್‌ಶಿಪ್‌ನವರು ತರಬೇತಿ ಮುಗಿದುದಕ್ಕೆ ಕೊಡುವ ನಮೂನೆ 108ಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ನಿಮ್ಮ ಕೈಯಲ್ಲಿದ್ದ ಪ್ರತಿ ಕಡತಕ್ಕೂ ಒಂದು ಪುಟದ ಟಿಪ್ಪಣಿ ಬರೆಯಿರಿ: ಯಾವ ಕಾಗದ ಬಾಕಿ, ಯಾರನ್ನು ಕೇಳಬೇಕು, ತೋಟಕ್ಕೆ ಯಾವ ಬಸ್ಸು, ರೈಟರ್ ಯಾವ ಹೊತ್ತಿಗೆ ಫೋನಿಗೆ ಸಿಗುತ್ತಾರೆ. ರೈಟರ್‌ಗಳಿಗೆ ಫೋನು ಸಾಲದು, ಹೋಗಿ ಹೇಳಿಯೇ ಹೊರಡಿ. ನಂತರ ಬರುವ ಹುಡುಗನಿಗೋ ಹುಡುಗಿಗೋ ಬೀರುವಿನ ಕೀಲಿ ಒಪ್ಪಿಸುವಾಗ ಒಳಗಿನ ಬಲ್ಬು ತೋರಿಸಿ, ಮೇ ಕೊನೆಯಿಂದ ಅದನ್ನು ಆರಿಸಬಾರದು ಎಂದು ಹೇಳಿ.